ಎರಡನೇ ಬ್ರೇಕು

ಮಾರ್ಚ್ ೪, ಮಂಗಳವಾರ

ಬಾಯಲ್ಲಿ ಬೈದರೆ ಜನ ಕ್ಲಾಸು ಬಿಟ್ಟು ಹೋಗುತ್ತಾರೆ. ಕಾಗದದ ಮೇಲೆ ಬೈದರೆ ಯಾರಿಗೂ ಕೇಳಿಸುವುದಿಲ್ಲ. ಟೈರ್ ಕಂಪನಿಯವರು ಬಿಟ್ಟಿ ಕೊಟ್ಟ ಡೈರಿ ಖಾಲಿ ಬಿದ್ದಿತ್ತು. ಇನ್ನು ಮೇಲೆ ಇದೇ ನನ್ನ ಪೀಕದಾನಿ.

ಡ್ರೈವಿಂಗ್ ಸ್ಕೂಲ್ ನಡೆಸುವವನ ಪಾಡು ಶತ್ರುವಿಗೂ ಬೇಡ. ಕಾರು ನನ್ನದು, ಸ್ಟೀರಿಂಗು ಕಂಡವರ ಕೈಯಲ್ಲಿ. ನಾನು ಕೂರುವ ಪಕ್ಕದ ಸೀಟಿನ ಕೆಳಗೆ ಎರಡನೇ ಬ್ರೇಕು ಒಂದಿದೆ. ಅದೊಂದಿಲ್ಲದಿದ್ದರೆ ಈ ಊರಿನ ಅರ್ಧ ಜನ ಪೋಸ್ಟರುಗಳ ಹಾಗೆ ಗೋಡೆಗೆ ಅಂಟಿಕೊಂಡಿರುತ್ತಿದ್ದರು. ಯಾರೂ ಥ್ಯಾಂಕ್ಸ್ ಹೇಳುವುದಿಲ್ಲ. ಲೈಸೆನ್ಸ್ ಕೈಗೆ ಬಂದ ಮಾರನೇ ದಿನ ನನ್ನ ಪಕ್ಕದಲ್ಲೇ ಹಾರನ್ ಹೊಡೆದುಕೊಂಡು ಹೋಗುತ್ತಾರೆ.

ಇವತ್ತಿನ ಮಹಾಪುರುಷ ಕನ್ನಡಿ ರಾಯ. ಹೆಸರು ನಾನಿಟ್ಟದ್ದು. ಬಟ್ಟೆ ಅಂಗಡಿ ಇಟ್ಟುಕೊಂಡಿದ್ದಾನೆ, ನಲವತ್ತು ದಾಟಿದೆ, ಶರ್ಟಿನ ಮೇಲಿನ ಎರಡು ಗುಂಡಿಗಳ ಪರಿಚಯವೇ ಇಲ್ಲ. ಹಿಂದಿನ ಗಾಡಿ ನೋಡುವ ಕನ್ನಡಿಯನ್ನು ತನ್ನ ಕ್ರಾಪಿನ ಕಡೆ ತಿರುಗಿಸಿಕೊಂಡು ಕೂರುತ್ತಾನೆ. ಹೇಳಿ ಹೇಳಿ ನನ್ನ ನಾಲಿಗೆ ಒಣಗಿತು. ನಾಲಿಗೆ ಈಗೀಗ ಬೇಗ ಒಣಗುತ್ತದೆ. ಬಾಟಲಿಗಟ್ಟಲೆ ನೀರು ಕುಡಿಯುತ್ತೇನೆ, ಆಮೇಲೆ ಪೆಟ್ರೋಲ್ ಬಂಕಿನ ಹಿಂದೆ ಓಡುತ್ತೇನೆ.

"ಸಾರ್, ಮತ್ತೆ ಬಂಕಿಗಾ? ತೂತಾಗಿರೋದು ಕಾರಿನ ಟ್ಯಾಂಕಾ, ನಿಮ್ಮದಾ?" ಅಂದ ಕನ್ನಡಿ ರಾಯ. ತಾನೇ ನಕ್ಕ. ಮೂರ್ಖರಿಗೆ ತಮ್ಮ ಜೋಕಿಗೆ ತಾವೇ ನಗುವ ಸೌಕರ್ಯ ಇರುತ್ತದೆ.

ಮಾರ್ಚ್ ೯, ಭಾನುವಾರ

ಲೆಕ್ಕದ ಮೇಷ್ಟ್ರು ಊಟಕ್ಕೆ ಬಂದಿದ್ದರು. ನನ್ನ ಹೆಂಡತಿಯ ಅಣ್ಣ, ನನಗೆ ಭಾವ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಹೇಳಿ ನಿವೃತ್ತರಾದರು. ಹೋದ ವರ್ಷ ಹೆಂಡತಿ ತೀರಿಕೊಂಡ ಮೇಲೆ ಪಾಠ ಹೇಳಲು ಯಾರೂ ಸಿಗದೆ ನಮ್ಮ ಮನೆ ಹಿಡಿದಿದ್ದಾರೆ.

ಅವರಿಗೆ ಸಕ್ಕರೆ ಕಾಯಿಲೆ. ಕಾಯಿಲೆ ಎಂದರೆ ಜನ ಮುಚ್ಚಿಡುತ್ತಾರೆ, ಇವರು ಪದಕದ ಹಾಗೆ ಮೆರೆಸುತ್ತಾರೆ. ಜೇಬಿನಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಮಿಷನ್ನು. ಊಟಕ್ಕೆ ಮುಂಚೆ ತಮ್ಮ ಬೆರಳಿಗೆ ಚುಚ್ಚಿಕೊಂಡರು. ಅಷ್ಟಕ್ಕೆ ನಿಲ್ಲಲಿಲ್ಲ. ತಂಗಿಯ ಬೆರಳನ್ನೂ ಚುಚ್ಚಿ, "ಬಹಳ ಚೆನ್ನಾಗಿದೆ" ಎಂದು ಮಾರ್ಕ್ಸ್ ಕೊಟ್ಟು, ನನ್ನ ಕಡೆ ತಿರುಗಿದರು.

"ಒಂದೇ ತೊಟ್ಟು. ಇರುವೆ ಕಚ್ಚಿದಷ್ಟೂ ನೋವಾಗಲ್ಲ."

"ಭಾವ, ಸೊಳ್ಳೆಗಳಿಗೇ ನಾನು ಕೊಡಲ್ಲ, ನಿಮಗೆ ಕೊಡ್ತೀನಾ?" ಅಂದೆ.

ಇವಳು ಸಣ್ಣ ದನಿಯಲ್ಲಿ, "ತೋರಿಸಿದ್ರೆ ಏನಾಗುತ್ತೆ? ತೂಕಾನೂ ಇಳಿದಿದೆ ನಿಮಗೆ" ಎಂದಳು. ದುಡಿಯುವ ಗಂಡಸಿನ ತೂಕ ಇಳಿಯುತ್ತದೆ. ಕೂತು ತಿನ್ನುವವರದು ಏರುತ್ತದೆ. ಇದನ್ನು ಜೋರಾಗಿಯೇ ಹೇಳಿದೆ. ಅವಳು ತಟ್ಟೆ ತೆಗೆದುಕೊಂಡು ಒಳಗೆ ಹೋದಳು.

ಹೊರಡುವಾಗ ಮೇಷ್ಟ್ರು ಇನ್ನೊಂದು ಹಾಸ್ಯ ಮಾಡಿದರು. ಅವರಿಗೆ ಕಾರು ಕಲಿಯಬೇಕಂತೆ. ಅರವತ್ತೊಂದರ ಪ್ರಾಯದಲ್ಲಿ! "ಕಾರು ನಮ್ಮನೆಯವಳದ್ದು. ಅವಳೇ ಓಡಿಸ್ತಿದ್ದಳು. ಈಗ ಸುಮ್ಮನೆ ಶೆಡ್ಡಿನಲ್ಲಿ ನಿಂತಿದೆ" ಅಂದರು. ಸೈಕಲ್ಲಿನ ಮೇಲೆ ಕೂತರೇ ಬೆವರುವ ಮನುಷ್ಯ. ನೋಡೋಣ ಅಂದೆ. ನೋಡೋಣ ಅಂದರೆ ಇಲ್ಲ ಅಂತ, ಗಣಿತದವರಿಗೆ ಅದು ಅರ್ಥವಾಗುವುದಿಲ್ಲ.

ಮಾರ್ಚ್ ೧೭, ಸೋಮವಾರ

ನಿನ್ನೆ ಮಧ್ಯಾಹ್ನ ಇವಳು ಕೂದಲು ಕತ್ತರಿಸಿಕೊಂಡು ಬಂದಳು. ಭುಜದವರೆಗೆ. ಹೊಸ ನೀಲಿ ಉಡುಪು ಬೇರೆ. ಪಕ್ಕದಲ್ಲಿ ಬಂದು ಕೂತು, "ಹೇಗಿದೆ?" ಅಂದಳು. ಕೈ ನನ್ನ ಮೊಣಕಾಲಿನ ಮೇಲಿತ್ತು.

"ಈ ವಯಸ್ಸಲ್ಲಿ ಇದೆಲ್ಲ ಯಾರಿಗೆ ತೋರಿಸೋಕೆ?" ಅಂದೆ.

ಕೈ ತೆಗೆದಳು.

ಓದುವವರು ಯಾರೂ ಇಲ್ಲದ ಮೇಲೆ ನಿಜ ಬರೆಯಲು ಏನು ದಾಡಿ. ಹೋದ ಮಳೆಗಾಲದಿಂದ ನನಗೆ ಆಗುತ್ತಿಲ್ಲ. ಮನಸ್ಸಿಗೆ ಆಸೆ ಇದೆ, ಮೈಗೆ ಸುದ್ದಿ ಮುಟ್ಟುವುದಿಲ್ಲ. ಮೊದಲ ಸಲ ಸುಸ್ತು ಅಂದೆ. ಎರಡನೇ ಸಲ ಬೆನ್ನುನೋವು ಅಂದೆ. ಆಮೇಲೆ ಬೆನ್ನುನೋವನ್ನೇ ಖಾಯಂ ಮಾಡಿಕೊಂಡು ಹಾಲಿನ ದಿವಾನಕ್ಕೆ ಹಾಸಿಗೆ ಬದಲಾಯಿಸಿದೆ. ಮಗಳು ಓದಲು ಹಾಸ್ಟೆಲ್ಲಿಗೆ ಹೋಗಿ ಮನೆಯಲ್ಲಿ ನಾವಿಬ್ಬರೇ ಆದ ವರ್ಷವೇ ಹೀಗಾಗಬೇಕೆ? ಗೋಡೆಗೆ ಕಿವಿ ಇದೆ ಎಂದು ಹೆದರಿ ಹೆದರಿ ಹದಿನೆಂಟು ವರ್ಷ ಕಳೆದೆವು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಬಂದಾಗ ಹಲ್ಲಿಲ್ಲ.

ತಪ್ಪು ಅವಳದ್ದೂ ಇದೆ. ಗಂಡಸನ್ನು ಹಾಗೆ ದಿಟ್ಟಿಸಿ ನೋಡಬಾರದು.

ಏಪ್ರಿಲ್ ೨, ಬುಧವಾರ

ಲೈಸೆನ್ಸ್ ಟೆಸ್ಟ್ ನಡೆಯುವ ಮೈದಾನದ ಕಾಂಪೌಂಡಿಗೆ ಒಂದು ಜಾಹೀರಾತು ಬರೆದಿದ್ದಾರೆ: 'ಗುಪ್ತ ಸಮಸ್ಯೆಗೆ ಖಚಿತ ಪರಿಹಾರ'. ಇಷ್ಟು ದೊಡ್ಡ ಅಕ್ಷರದಲ್ಲಿ ಬರೆದ ಮೇಲೆ ಗುಪ್ತ ಹೇಗಾಗುತ್ತದೋ. ಇಷ್ಟು ವರ್ಷ ಅದರ ಎದುರಿಗೇ ಗಾಡಿ ಹಿಂದಕ್ಕೆ ತೆಗೆಯುವುದನ್ನು ಕಲಿಸಿದ್ದೇನೆ. ಅದರಲ್ಲಿರುವ ವಿಳಾಸದ ಮೆಟ್ಟಿಲು ಹತ್ತುವವರನ್ನು ನೋಡಿ ಕ್ಯಾಕರಿಸಿದ್ದೂ ಉಂಟು.

ಇವತ್ತು ಹೋದೆ.

ಔಷಧಿ ಅಂಗಡಿಯ ಮೇಲಿನ ಮಹಡಿ, ಕಡಿದಾದ ಮೆಟ್ಟಿಲು, ಒಂದೇ ಬೆಂಚು. ಬೆಂಚಿನ ಮೇಲೆ ಗಂಡಸು ಜಾತಿಯ ಮಾನ ಸಾಲಾಗಿ ಕೂತಿತ್ತು. ಒಬ್ಬ ಪೇಪರ್ ಹಿಡಿದಿದ್ದ, ಅದೂ ತಲೆಕೆಳಗಾಗಿ. ಇನ್ನೊಬ್ಬ ಮೊಬೈಲ್ ಕಿವಿಗಿಟ್ಟುಕೊಂಡು ಹೂಂಗುಟ್ಟುತ್ತಿದ್ದ. ಆ ಕಡೆ ಯಾರೂ ಇರಲಿಲ್ಲ ಎಂದು ನನಗೆ ಗೊತ್ತು, ಯಾಕೆಂದರೆ ನಡುವೆ ಅದೇ ಮೊಬೈಲ್ ಗಂಟೆ ಬಾರಿಸಿತು. ಮೂಲೆಯಲ್ಲಿ ಒಬ್ಬ ಹೆಲ್ಮೆಟ್ ತೆಗೆಯದೆಯೇ ಕೂತಿದ್ದ. ಇವನಿಗೆ ಏನು ಪೆಟ್ಟು ಬೀಳುವ ಭಯವೋ ಎಂದುಕೊಂಡೆ. ಆಮೇಲೆ ಶರ್ಟಿನ ಗುಂಡಿ ನೋಡಿದೆ. ಮೇಲಿನ ಎರಡು ಹಾಕಿರಲಿಲ್ಲ.

ಕನ್ನಡಿ ರಾಯ ನನ್ನನ್ನು ನೋಡಿದ. ನಾನು ಅವನನ್ನು ನೋಡಿದೆ. ಇಬ್ಬರೂ ಗೋಡೆಯ ಫ್ಯಾನ್ ನೋಡಿದೆವು.

ಒಳಗಿದ್ದ ತಜ್ಞನಿಗೆ ಬಿಳಿ ಕೋಟು, ಬೆರಳಿಗೊಂದು ಉಂಗುರ. ರಕ್ತ ಪರೀಕ್ಷೆ ಇಲ್ಲ, ಬಿಪಿ ಇಲ್ಲ. ಎರಡು ನಿಮಿಷ ಕೈ ನಾಡಿ ಹಿಡಿದು ಕಣ್ಣು ಮುಚ್ಚಿದ. "ಹರೆಯದಲ್ಲಿ ಮಾಡಿದ ತಪ್ಪಿನ ಫಲ" ಎಂದು ತೀರ್ಪು ಕೊಟ್ಟ. ಹರೆಯದಲ್ಲಿ ಇವನೇ ನನ್ನ ರೂಮಿನಲ್ಲಿದ್ದ ಹಾಗೆ. ಕಂದು ಪುಡಿಯ ಡಬ್ಬಿ ಕೊಟ್ಟ. ಅದರ ಮೇಲೆ ಹಾರುವ ಕುದುರೆಯ ಚಿತ್ರ. ಇಂಥವನ ಮುಂದೆ ತಲೆ ತಗ್ಗಿಸಿ, "ಸರಿ ಡಾಕ್ಟ್ರೇ" ಎಂದವನು ನಾನು. ಬೆಂಚಿನ ಮೇಲೆ ಕೂತವರೇ ವಾಸಿ.

ಏಪ್ರಿಲ್ ೬, ಭಾನುವಾರ

ಕುದುರೆ ಹಾರಲಿಲ್ಲ. ನನ್ನ ತಲೆ ಹಾರಿತು. ಪುಡಿ ನುಂಗಿದ ಅರ್ಧ ಗಂಟೆಗೆ ಮುಖ ಕೆಂಡವಾಯಿತು, ಎದೆ ಡಬಡಬ ಹೊಡೆದುಕೊಂಡಿತು, ಎದ್ದು ನಿಂತರೆ ನೆಲ ಜಾರಿದ ಹಾಗೆ. ಬಚ್ಚಲ ಬಾಗಿಲು ಹಿಡಿದು ನಿಂತಿದ್ದೆ. ಇವಳು ಓಡಿ ಬಂದಳು.

"ಡಾಕ್ಟರ ಹತ್ತಿರ ಹೋಗೋಣ, ಏಳಿ."

"ಬಿಸಿಲು ತಾಕಿದೆ ಅಷ್ಟೆ. ನನ್ನ ಮೈ ಮುಟ್ಟಬೇಡ!"

ಅಷ್ಟು ಜೋರಾಗಿ ಅನ್ನಬೇಕೆಂದಿರಲಿಲ್ಲ. ಅವಳು ಅಲ್ಲೇ ನಿಂತಳು. ಇಪ್ಪತ್ತೊಂದು ವರ್ಷದ ಸಂಸಾರದಲ್ಲಿ ಅವಳು ಅಳುವುದನ್ನು ನೋಡಿದ್ದೇನೆ, ಬೈಯುವುದನ್ನು ನೋಡಿದ್ದೇನೆ. ಇವತ್ತು ಎರಡೂ ಮಾಡಲಿಲ್ಲ.

"ನಾನು ಬೇಡವಾಗಿದ್ರೆ ಬೇಡ ಅಂತ ಬಾಯಿಬಿಟ್ಟು ಹೇಳಿ. ಬೇರೆ ಯಾರಾದ್ರೂ ಇದ್ರೆ ಅದನ್ನೂ ಹೇಳಿ. ಹೀಗೆ ಕಸದ ಹಾಗೆ ನೋಡಬೇಡಿ."

ಬೇರೆ ಯಾರಾದರೂ! ನಗು ಬಂತು. ನಕ್ಕೆ. ಆ ನಗು ಅವಳಿಗೆ ಹೇಗೆ ಕೇಳಿಸಿತೋ.

ಡಬ್ಬಿಯನ್ನು ಚರಂಡಿಗೆ ಸುರಿದೆ. ಇಲಿಗಳಾದರೂ ಸುಖವಾಗಿರಲಿ.

ಏಪ್ರಿಲ್ ೧೯, ಶನಿವಾರ

ಇವಳಿಗೆ ಪ್ರಮೋಷನ್. ಅಂಚೆ ಕಚೇರಿಯ ಕೌಂಟರಿನಿಂದ ಪೋಸ್ಟ್ ಮಾಸ್ಟರ್ ಕುರ್ಚಿಗೆ. ಆದರೆ ಬೇರೆ ಊರಿನಲ್ಲಿ, ಬಸ್ಸಿನಲ್ಲಿ ನಾಲ್ಕು ಗಂಟೆ ದಾರಿ. ಹಿಂದೆ ಎರಡು ಸಲ ಬಂದಿತ್ತು, ಮನೆ ಬಿಟ್ಟು ಹೋಗಲ್ಲ ಎಂದು ಅವಳೇ ಬೇಡ ಅಂದಿದ್ದಳು. ಈ ಸಲ ನನ್ನನ್ನು ಕೇಳದೆ ಒಪ್ಪಿಕೊಂಡು ಬಂದಿದ್ದಾಳೆ. ಚಪ್ಪಲಿ ಬಿಡುತ್ತಾ ಹೇಳಿದಳು, ಹಾಲು ಮುಗಿದಿದೆ ಅನ್ನುವ ದನಿಯಲ್ಲಿ.

"ಜೂನ್ ಒಂದಕ್ಕೆ ಹೋಗಬೇಕು."

"ಹೋಗು. ಇಲ್ಲಿ ಯಾರು ಹಿಡ್ಕೊಂಡಿದಾರೆ?"

"ಅದೇ. ಯಾರೂ ಹಿಡ್ಕೊಂಡಿಲ್ಲ."

ಹೋಗಲಿ. ಮೊಹರು ಒತ್ತಿಕೊಂಡು ಇರಲಿ. ನನಗೆ ಅಡುಗೆ ಬರುತ್ತದೆ. ಒಬ್ಬನಿಗೆ ಎಷ್ಟು ಬೇಕು? ದಿವಾನ ಇದೆ, ಟೀವಿ ಇದೆ. ಹಾಳೂರಿಗೆ ಉಳಿದವನೇ ಗೌಡ.

ಏಪ್ರಿಲ್ ೨೮, ಸೋಮವಾರ

ಮೇಷ್ಟ್ರಿಗೆ ಪಾಠ ಶುರು. ತಂಗಿಗೆ ದುಂಬಾಲು ಬಿದ್ದರು, ತಂಗಿ ನನಗೆ ಹೇಳಿದಳು. ಈಗ ಅವಳು ಮಾತಾಡುವುದೇ ಅಪರೂಪ, ಅದಕ್ಕೇ ಒಪ್ಪಿಕೊಂಡೆ.

ಕ್ಲಚ್ಚನ್ನು ಕಾದ ಪಾತ್ರೆಯ ಹಾಗೆ ಥಟ್ಟನೆ ಬಿಡುತ್ತಾರೆ, ಕಾರು ಕುಂಟಿ ಕುಂಟಿ ಸಾಯುತ್ತದೆ. ಎದುರಿಗೆ ಎಮ್ಮೆ ಬಂದರೆ, "ಅದರ ವೇಗ ಇಷ್ಟು, ನಮ್ಮದು ಇಷ್ಟು" ಎಂದು ಲೆಕ್ಕ ಶುರು ಮಾಡುತ್ತಾರೆ. ಲೆಕ್ಕ ಮುಗಿಯುವ ಹೊತ್ತಿಗೆ ಎಮ್ಮೆ ಕರು ಹಾಕಿರುತ್ತದೆ. ನಡುವೆ ನಡುವೆ ಸಕ್ಕರೆಯ ಉಪದೇಶ: ನಡೆಯಬೇಕು, ಹೊತ್ತಿಗೆ ತಿನ್ನಬೇಕು, ಪಾದ ನೋಡಿಕೊಳ್ಳಬೇಕು. ಪಾದ ನೋಡಿಕೊಂಡು ಕೂರಲು ನಾನೇನು ನರ್ತಕಿಯೇ?

ಒಂದು ಮಾತ್ರ ವಿಚಿತ್ರ. ಬೈದರೆ ಈ ಮನುಷ್ಯನಿಗೆ ಸಿಟ್ಟೇ ಬರುವುದಿಲ್ಲ. "ಹೌದು, ತಪ್ಪಾಯ್ತು, ಇನ್ನೊಂದ್ಸಲ" ಅನ್ನುತ್ತಾರೆ. ಇಂಥವರನ್ನು ಬೈದು ಏನು ಸುಖ?

ಮೇ ೮, ಗುರುವಾರ

ಇವತ್ತಿನದನ್ನು ಇವತ್ತೇ ಬರೆಯಬೇಕು. ಅಕ್ಷರ ವಕ್ರವಾದರೆ ಆಗಲಿ.

ಬೆಳಿಗ್ಗೆ ಒಂಬತ್ತರ ಸುಮಾರು. ಆಸ್ಪತ್ರೆ ರಸ್ತೆಯ ಇಳಿಜಾರು. ಮೇಷ್ಟ್ರು ಓಡಿಸುತ್ತಿದ್ದರು. ತಿರುವಿನಲ್ಲಿ ಒಬ್ಬ ಹೆಂಗಸು ಮಗುವಿನ ತಳ್ಳುಗಾಡಿ ನೂಕಿಕೊಂಡು ರಸ್ತೆಗೆ ಇಳಿದಳು. ಮೇಷ್ಟ್ರು ಕಲ್ಲಾದರು. ಸರಿ, ಇದಕ್ಕೇ ನಾನಿರುವುದು ಎಂದು ಬ್ರೇಕ್ ಒತ್ತಿದೆ.

ಕಾರು ನಿಲ್ಲಲಿಲ್ಲ.

ಇನ್ನೂ ಜೋರಾಗಿ ಒತ್ತಿದೆ. ನಿಲ್ಲಲಿಲ್ಲ. ಬ್ರೇಕ್ ಕೈಕೊಟ್ಟಿದೆ ಎಂದುಕೊಂಡೆ. ಆ ಹೆಂಗಸಿನ ಮುಖ, ತೆರೆದ ಬಾಯಿ, ಗಾಡಿಯ ಹಳದಿ ಬಟ್ಟೆ, ಎಲ್ಲ ನನ್ನ ಮೇಲೇ ಬಂದ ಹಾಗಾಯಿತು. ಅಷ್ಟರಲ್ಲಿ ಮೇಷ್ಟ್ರು ಎರಡೂ ಕಾಲು ತಮ್ಮ ಪೆಡಲುಗಳ ಮೇಲೆ ಹಾಕಿ ನಿಂತೇಬಿಟ್ಟರು. ಗೇಣು ದೂರದಲ್ಲಿ ನಿಂತಿತು. ಮಗು ನಿದ್ದೆ ಮಾಡುತ್ತಿತ್ತು. ತಾಯಿ ಬೈಯಲೂ ಆಗದೆ ಗಾಡಿಯನ್ನು ಫುಟ್‌ಪಾತಿಗೆ ಎಳೆದುಕೊಂಡಳು.

ಬದಿಗೆ ಗಾಡಿ ಹಾಕಿಸಿ ಶುರು ಮಾಡಿದೆ. ಮುದುಕ, ಮುಠ್ಠಾಳ, ಕೊಲೆಗಡುಕ, ಬಾಯಿಗೆ ಬಂದದ್ದೆಲ್ಲ. ಅವರು ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. ನನ್ನ ಕಾಲು ನೋಡುತ್ತಿದ್ದರು.

"ನಿಮ್ಮ ಚಪ್ಪಲಿ ಎಲ್ಲಿ?"

ನೋಡಿಕೊಂಡೆ. ಬಲಗಾಲಿನಲ್ಲಿ ಚಪ್ಪಲಿ ಇರಲಿಲ್ಲ. ಅದು ಬಾಗಿಲ ಬಳಿ ಬಿದ್ದಿತ್ತು. ನನ್ನ ಪಾದ ಬ್ರೇಕಿನ ಮೇಲಿರಲಿಲ್ಲ, ಅದರ ಪಕ್ಕದಲ್ಲಿ ಬರೀ ನೆಲವನ್ನು ಒತ್ತುತ್ತಿತ್ತು. ಹೆಬ್ಬೆರಳು ಪೆಡಲಿನ ಅಂಚಿಗೆ ಸಿಕ್ಕಿ ಕುಯ್ದು, ಮ್ಯಾಟಿನ ಮೇಲೆ ರಕ್ತ.

"ನೋವಾಗ್ತಿಲ್ವಾ?"

"ಇಲ್ಲ."

ಇಲ್ಲ ಎಂದ ಮೇಲೆ ಆ ಮಾತು ನನಗೇ ಕೇಳಿಸಿತು. ಕುಯ್ದ ಬೆರಳು, ನೋವಿಲ್ಲ. ಬ್ರೇಕು ಯಾವುದು, ನೆಲ ಯಾವುದು, ಗೊತ್ತಾಗಿಲ್ಲ. ಇಪ್ಪತ್ತು ವರ್ಷ ಊರನ್ನೆಲ್ಲ ಕಾಯ್ದ ಕಾಲು.

ಮೇಷ್ಟ್ರು ಜೇಬಿನಿಂದ ಮಿಷನ್ ತೆಗೆದರು. ಕೈ ಚಾಚಿದರು. ಬೆರಳು ಕೊಟ್ಟೆ. ಮುನ್ನೂರ ಎಂಬತ್ತೇಳು. ಮಾರ್ಕ್ಸ್ ಕೊಡಲಿಲ್ಲ ಈ ಸಲ. ಕರ್ಚೀಫ್ ಹರಿದು ನನ್ನ ಹೆಬ್ಬೆರಳಿಗೆ ಕಟ್ಟಿ, ಮತ್ತೆ ತಮ್ಮ ಸೀಟಿಗೆ ಬಂದು ಸ್ಟೀರಿಂಗ್ ಹಿಡಿದು ಕೂತರು. ಎಂಜಿನ್ ಆಫ್. ಇಬ್ಬರೂ ಮುಂದಿನ ಗಾಜಿನಲ್ಲಿ ರಸ್ತೆ ನೋಡುತ್ತಿದ್ದೆವು.

"ಒಂದು ಮಾತು ಕೇಳ್ತೀನಿ. ಅವಳು ನನ್ನ ತಂಗಿ, ನಾನು ಕೇಳಬಾರದು. ಆದರೂ ಕೇಳ್ತೀನಿ. ನಿಮಗೆ... ಮನೇಲಿ... ಆ ವಿಷಯದಲ್ಲಿ ತೊಂದರೆ ಇದೆಯಾ?"

ಕಾರಿನಿಂದ ಇಳಿದು ಹೋಗಬೇಕಿತ್ತು. ಚಪ್ಪಲಿ ಒಂದೇ ಇತ್ತು.

ಅವರೇ ಮುಂದುವರಿಸಿದರು. "ನನಗೆ ಐವತ್ತಕ್ಕೇ ಶುರುವಾಯ್ತು. ಸಕ್ಕರೆಯಿಂದ ಅಂತ ಡಾಕ್ಟರು ಹೇಳಿದರು. ನಮ್ಮನೆಯವಳಿಗೆ ಮಾತ್ರ ನಾನು ಹೇಳಲಿಲ್ಲ. ನನಗೆ ಇದರಲ್ಲೆಲ್ಲ ಆಸಕ್ತಿ ಹೋಯ್ತು, ಓದಬೇಕು ಅಂದೆ. ದಿನಾ ಸಂಜೆ ಲೆಕ್ಕದ ಪುಸ್ತಕ ಹಿಡಿದು ಕೂರ್ತಿದ್ದೆ. ಅವಳು ಒಂದು ದಿನ ಕೇಳಿದಳು, ನನ್ನ ಮೈಯಿಂದ ಏನಾದ್ರೂ ವಾಸನೆ ಬರುತ್ತಾ ಅಂತ."

ಒಂದು ಲಾರಿ ಹೋಯಿತು. ಮೇಷ್ಟ್ರು ಸ್ಟೀರಿಂಗಿನ ಧೂಳು ಒರೆಸಿದರು.

"ಇಲ್ಲ ಅಂತ ತಲೆ ಆಡಿಸಿ ಪುಟ ತಿರುಗಿಸಿದೆ. ಈಗ ಹೇಳೋಣ ಅಂದ್ರೆ ಅವಳಿಲ್ಲ."

ಬಿದ್ದ ಚಪ್ಪಲಿಯನ್ನು ಎತ್ತಿ ಮಡಿಲಲ್ಲಿಟ್ಟುಕೊಂಡೆ. ಕೊನೆಗೆ, "ಮಳೆಗಾಲದಿಂದ" ಅಂದೆ. ಅಷ್ಟೇ ಅಂದದ್ದು. ಅವರು ಹೂಂ ಅಂದರು.

ಆಮೇಲೆ ಮನೆವರೆಗೂ ಅವರೇ ಓಡಿಸಿದರು. ಒಂದು ಸಲವೂ ಎಂಜಿನ್ ಸಾಯಲಿಲ್ಲ. ಹಾಳಾದವರಿಗೆ ಬೇಕಾದಾಗ ಎಲ್ಲ ಬರುತ್ತದೆ.

ಮೇ ೧೨, ಸೋಮವಾರ

ಡಾಕ್ಟರು ಹೆಂಗಸು! ಮೇಷ್ಟ್ರು ಬೇಕೆಂದೇ ಹೇಳಿರಲಿಲ್ಲ. ನನ್ನ ಮಗಳಿಗಿಂತ ಹತ್ತು ವರ್ಷ ದೊಡ್ಡವಳಿರಬಹುದು. ಪಾದದ ಗಾಯ ತೋರಿಸಿ ಎದ್ದುಬಿಡೋಣ ಎಂದುಕೊಂಡೆ. ಅವರು ಬಿಡಬೇಕಲ್ಲ.

"ನಿಮಿರುವಿಕೆ ಸರಿಯಾಗಿ ಆಗುತ್ತಾ?" ಎಂದು ಕೇಳಿದರು. ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳುವ ಹಾಗೆ. ನಾನು ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಹೃದಯ ನೋಡಿದೆ.

"ಮೇಷ್ಟ್ರೇ, ನೀವು ಹೊರಗೆ ಕೂತಿರಿ" ಅಂದರು. ಅವರು ಹೋದ ಮೇಲೆ ಮತ್ತೆ ಅದೇ ಪ್ರಶ್ನೆ. ಉತ್ತರ ಸಿಗುವವರೆಗೆ ಮುಂದಕ್ಕೆ ಹೋಗುವವರಲ್ಲ. ಇಲ್ಲ ಅಂದೆ. ಆಸೆ ಇದೆಯಾ? ಇದೆ ಅಂದೆ. ಬೆಳಿಗ್ಗೆ ಏಳುವಾಗ? ಇಲ್ಲ. ಬರೆದುಕೊಂಡರು. ಆಕಾಶ ಕಳಚಿ ಬೀಳಲಿಲ್ಲ.

ಪುಡಿಯ ವಿಷಯ ಹೇಳಿದಾಗ ಮಾತ್ರ ಪೆನ್ನು ಕೆಳಗಿಟ್ಟರು. "ಅದರಲ್ಲಿ ಏನು ಬೆರೆಸಿರ್ತಾರೋ ಅವರಿಗೇ ಗೊತ್ತಿಲ್ಲ. ಹೃದಯದ ತೊಂದರೆ ಇದ್ದಿದ್ರೆ ನೀವು ಬಚ್ಚಲಲ್ಲೇ ಹೋಗಿರ್ತಿದ್ರಿ."

ಅವರು ಹೇಳಿದ್ದು ಇಷ್ಟು. ಸಕ್ಕರೆ ಬಹಳ ದಿನ ಏರಿಯೇ ಇದ್ದರೆ ನರಗಳನ್ನೂ ರಕ್ತನಾಳಗಳನ್ನೂ ತಿನ್ನುತ್ತದೆ. ಪಾದದ ನರ ಹೋದದ್ದಕ್ಕೆ ಬ್ರೇಕು ತಿಳಿಯಲಿಲ್ಲ. ಗಂಡಸಿನ ಆ ಭಾಗದ ನಾಳಗಳು ಸಣ್ಣವು, ಅದಕ್ಕೇ ಎಷ್ಟೋ ಗಂಡಸರಿಗೆ ಮೊದಲ ಸುದ್ದಿ ಅಲ್ಲಿಂದಲೇ ಬರುತ್ತದೆ. ಸುದ್ದಿ ಬಂದಾಗ ಜನ ಡಾಕ್ಟರ ಹತ್ತಿರ ಬರುವುದಿಲ್ಲ, ಕುದುರೆ ಪುಡಿಗೆ ಹೋಗುತ್ತಾರೆ. ಮೊದಲು ಸಕ್ಕರೆ ಇಳಿಸಬೇಕು, ಹೃದಯ ಪರೀಕ್ಷೆ ಮಾಡಿಸಬೇಕು. ಆಮೇಲೆ ಅದಕ್ಕೂ ಮಾತ್ರೆ ಇದೆ, ಬೇರೆ ದಾರಿಗಳೂ ಇವೆ. ಪೂರ್ತಿ ಮೊದಲಿನ ಹಾಗೆ ಆಗುತ್ತಾ ಎಂದು ಕೇಳಿದೆ. "ಸುಳ್ಳು ಹೇಳಲ್ಲ. ಪಾದದ ಸ್ಪರ್ಶ ಪೂರ್ತಿ ಬರೋದು ಅನುಮಾನ. ಇನ್ನೊಂದು ಸುಧಾರಿಸಬಹುದು" ಅಂದರು.

ಕಲಿಸುವ ಸೀಟಿನಲ್ಲಿ ಕೂರಬಾರದಂತೆ. ಮುಂದಿನ ಸಲ ಹೆಂಡತಿಯನ್ನು ಕರೆದುಕೊಂಡು ಬರಬೇಕಂತೆ.

"ಅವಳಿಗೇನೂ ಕಾಯಿಲೆ ಇಲ್ಲ" ಅಂದೆ.

"ನಿಮ್ಮದು ಅವರಿಗೂ ಬಂದಿದೆ, ಅವರಿಗೆ ಹೆಸರು ಗೊತ್ತಿಲ್ಲ ಅಷ್ಟೆ" ಅಂದರು. ಬಾಯಿ ಜೋರು ಇವರದ್ದು. ಮನೆಗೆ ಬಂದು ಅದನ್ನೇ ಅಗಿಯುತ್ತಿದ್ದೇನೆ.

ಮೇ ೧೫

ಹೇಳಲಿಲ್ಲ.

ಮೇ ೧೭

ಇವತ್ತೂ ಇಲ್ಲ. ಅವಳು ಪೆಟ್ಟಿಗೆ ಜೋಡಿಸುತ್ತಿದ್ದಾಳೆ. ಕನ್ನಡಿಯ ಮುಂದೆ ನಿಂತು ತನ್ನ ಹೊಟ್ಟೆಯನ್ನು ಒಳಗೆ ಎಳೆದುಕೊಂಡು ನೋಡಿದಳು, ನಾನು ಬಾಗಿಲಲ್ಲಿದ್ದದ್ದು ಗೊತ್ತಿರಲಿಲ್ಲ. ಬಿಟ್ಟುಬಿಟ್ಟು ಮತ್ತೆ ನೋಡಿದಳು.

ನಾನೆಂಥ ನಾಯಿ.

ಮೇ ೨೦, ಮಂಗಳವಾರ

ಹೇಳಿದೆ.

ಬೆಳಿಗ್ಗೆ ಅಡುಗೆಮನೆಯಲ್ಲಿ. ಅವಳು ಟೀ ಸೋಸುತ್ತಿದ್ದಳು. ಎಷ್ಟೋ ಪೀಠಿಕೆ ಯೋಚಿಸಿಕೊಂಡಿದ್ದೆ, ಒಂದೂ ಬಾಯಿಗೆ ಬರಲಿಲ್ಲ. "ನನಗೆ ಸಕ್ಕರೆ ಬೇಡ" ಅಂದೆ.

"ಯಾಕೆ?"

"ಮುನ್ನೂರ ಎಂಬತ್ತೇಳಿದೆ ರಕ್ತದಲ್ಲಿ. ಅದರಿಂದ್ಲೇ ನನಗೆ ಆಗ್ತಿಲ್ಲ. ಬೆನ್ನುನೋವಲ್ಲ. ಯಾರೂ ಇಲ್ಲ. ಆಗ್ತಿಲ್ಲ, ಅಷ್ಟೆ."

ಅವಳು ಸೋಸುವುದನ್ನು ನಿಲ್ಲಿಸಲಿಲ್ಲ. ಲೋಟ ತುಂಬಿ ಟೀ ಕಟ್ಟೆಯ ಮೇಲೆ ಹರಿಯಿತು, ಅಲ್ಲಿಂದ ನೆಲಕ್ಕೆ. ಆಮೇಲೆ ಪಾತ್ರೆ ಕುಕ್ಕಿದಳು.

"ಯಾವಾಗಿಂದ?"

"ಮಳೆಗಾಲದಿಂದ."

ಅಯ್ಯೋ ಪಾಪ ಅನ್ನುತ್ತಾಳೆ ಎಂದುಕೊಂಡಿದ್ದೆ. ಎಂಥ ದಡ್ಡ ನಾನು. ಅವಳ ಮುಖ ಕೆಂಪಾಯಿತು.

"ಒಂದು ವರ್ಷ ನಾನು ಕನ್ನಡಿ ಮುಂದೆ ನಿಂತು ಅತ್ತಿದೀನಿ. ದಪ್ಪ ಆದೆ ಅಂತ ರಾತ್ರಿ ಊಟ ಬಿಟ್ಟೆ. ಕೂದಲು ಕತ್ತರಿಸ್ಕೊಂಡೆ. ನನ್ನನ್ನ ಮುಟ್ಟಬೇಡ ಅಂದ್ರಿ. ಇಷ್ಟೆಲ್ಲ ನಿಮ್ಮ ಸಕ್ಕರೆಗಾ?"

"ಹೇಗೆ ಹೇಳಲಿ? ಗಂಡಸು ನಾನು."

"ಗಂಡಸಂತೆ! ಇದಕ್ಕಿಂತ ಬಾಯಿಬಿಟ್ಟು ಒಂದು ಮಾತು ಹೇಳಿದ್ರೆ ಗಂಡಸಾಗ್ತಿದ್ರಿ. ಕುಣಿಯೋಕೆ ಬರದೋಳು ನೆಲ ಡೊಂಕು ಅಂದಳಂತೆ. ನಾನಾ ನೆಲ? ಇಷ್ಟು ದಿನ ನಾನಾ ಡೊಂಕು?"

ಇಪ್ಪತ್ತು ವರ್ಷದಿಂದ ಜನಕ್ಕೆ ಬೈಯುತ್ತಾ ಬಂದಿದ್ದೇನೆ, ಇಷ್ಟು ಸರಿಯಾಗಿ ನಾನು ಯಾರಿಗೂ ಬೈದಿಲ್ಲ. ಬಟ್ಟೆ ತೆಗೆದುಕೊಂಡು ಟೀ ಒರೆಸಿದೆ. ಅವಳು ನೋಡುತ್ತಾ ನಿಂತಳು. ಕೊನೆಗೆ, "ಅಲ್ಲಿ ಮೂಲೇಲಿ ಇನ್ನೂ ಇದೆ" ಅಂದಳು.

ಸಂಜೆ ಕೆಲಸದಿಂದ ಬಂದವಳು ಕೇಳಿದಳು, "ಡಾಕ್ಟರ ಹತ್ತಿರ ಮತ್ತೆ ಯಾವಾಗ?" ಶುಕ್ರವಾರ ಅಂದೆ. "ನಾನೂ ಬರ್ತೀನಿ. ನನಗೂ ಕೇಳೋದಿದೆ."

ಮೇ ೨೩, ಶುಕ್ರವಾರ

ಇಬ್ಬರು ಹೆಂಗಸರು ಸೇರಿ ನನ್ನ ವಿಷಯವನ್ನು ಹರವಿಕೊಂಡು ಕೂತರು. ರಿಪೇರಿಗೆ ಬಂದ ಸ್ಕೂಟರಿನ ಹಾಗೆ ನಾನು ಮಧ್ಯದಲ್ಲಿ. ಇವಳು ಕೇಳಿದ ಪ್ರಶ್ನೆಗಳನ್ನು ಬರೆಯಲು ನನಗೇ ನಾಚಿಕೆ. ಹೃದಯ ಸರಿಯಾಗಿದೆಯಂತೆ. ಸಕ್ಕರೆ ಇಳಿಯುತ್ತಿದೆ. ಇನ್ನೊಂದು ಮಾತ್ರೆಯನ್ನು ಮುಂದಿನ ತಿಂಗಳು ಬರೆದುಕೊಡುತ್ತಾರಂತೆ.

ಮೆಟ್ಟಿಲಿಳಿಯುವಾಗ ಇವಳು ನನ್ನ ತೋಳು ಹಿಡಿದುಕೊಂಡಳು. ಮುದುಕನ ಹಾಗೆ ಹಿಡಿಯಬೇಡ ಅಂದೆ. ಹಿಡಿದೇ ಇದ್ದಳು.

ಜೂನ್ ೧, ಭಾನುವಾರ

ಹೋದಳು.

ಹೋಗಲ್ಲ ಅನ್ನುತ್ತಾಳೆ ಎಂದು ಒಳಗೊಳಗೆ ಕಾಯುತ್ತಿದ್ದೆ. ನಿನ್ನೆ ಕೇಳಿಯೂ ಬಿಟ್ಟೆ. "ನಿಮ್ಮ ಮೇಲಿನ ಸಿಟ್ಟಿಗೇ ಒಪ್ಕೊಂಡಿದ್ದು. ಆದರೆ ಈಗ ಆ ಕುರ್ಚಿ ನನಗೆ ಬೇಕು" ಅಂದಳು. ನೆಟ್ಟಗೆ ನಿಂತು ಹೇಳಿದಳು. ಚೆನ್ನಾಗಿ ಕಂಡಳು. ಹೇಳಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯ ಬಳಿ ನಿಂತಿದ್ದಾಗ, "ಆ ಕೂದಲು ಚೆನ್ನಾಗಿದೆ" ಅಂದೆ. ಬಸ್ಸಿನ ಗದ್ದಲದಲ್ಲಿ ಕೇಳಿಸಲಿಲ್ಲ. "ಏನಂದ್ರಿ?" ಅಂದಳು. ಎರಡನೇ ಸಲ ಕೂಗಿ ಹೇಳಬೇಕಾಯಿತು. ಹಿಂದಿನ ಸೀಟಿನ ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಜನಕ್ಕೆ ಬೇರೆ ಕೆಲಸ ಇಲ್ಲ.

ಜೂನ್ ೧೮, ಬುಧವಾರ

ಕಾರಿಗೆ ಹೊಸ ಟೀಚರಮ್ಮನನ್ನು ಇಟ್ಟಿದ್ದೇನೆ. ಮೊದಲು ಶಾಲೆಯ ವ್ಯಾನ್ ಓಡಿಸುತ್ತಿದ್ದವಳು. ಒಂದು ದಿನವೂ ಬೈಯುವುದಿಲ್ಲ, ಹುಡುಗಿಯರೆಲ್ಲ ಅವಳ ಬ್ಯಾಚೇ ಬೇಕು ಅನ್ನುತ್ತಾರೆ. ನಾನು ಆಫೀಸಿನಲ್ಲಿ ಕೂತು ಬೋರ್ಡಿನ ಮೇಲೆ ಸಿಗ್ನಲ್ ಚಿತ್ರ ತೋರಿಸುತ್ತೇನೆ. ಬೆಳಿಗ್ಗೆ ಮೇಷ್ಟ್ರ ಜೊತೆ ವಾಕಿಂಗು. ದಾರಿಯುದ್ದಕ್ಕೂ ಗಣಿತ. ಕಿವಿಯ ನರವೂ ಹೋಗಬಾರದಿತ್ತೇ?

ಕನ್ನಡಿ ರಾಯ ಬಂದಿದ್ದ, ಬಾಕಿ ಕ್ಲಾಸು ಮುಗಿಸಲು. ಮುಖ ಬಾಡಿತ್ತು, ಕ್ರಾಪು ಕೂಡ ಮಲಗಿತ್ತು. ಆಫೀಸಿನಲ್ಲಿ ಬೇರೆ ಯಾರೂ ಇರಲಿಲ್ಲ. ಬಾಗಿಲು ಮುಂದೆ ಮಾಡಿದೆ.

"ಆ ಪುಡಿ ಇನ್ನೂ ತಿಂತಿದೀಯೇನೋ ಕತ್ತೆ?"

ಅವನು ನೆಲ ನೋಡಿದ. ಸುಳ್ಳು ಹೇಳುವುದೋ ಬೇಡವೋ ಎಂದು ಯೋಚಿಸಿದ. "ಎರಡನೇ ಡಬ್ಬಿ, ಸಾರ್" ಅಂದ.

"ಎಸಿ ಅದನ್ನ. ನನಗೂ ಅದೇ ಆಗಿತ್ತು. ಸಕ್ಕರೆಯಿಂದ. ನಿನಗೆ ಯಾತರಿಂದಲೋ, ರಕ್ತ ಕೊಟ್ಟು ನೋಡು. ಸರಿಯಾದ ಡಾಕ್ಟರ ನಂಬರ್ ಕೊಡ್ತೀನಿ. ಹೆಂಗಸು ಅಂತ ಹೆದರಬೇಡ, ಕಚ್ಚಲ್ಲ."

ಕೂತ, ಎದ್ದ, ಮತ್ತೆ ಕೂತ. "ಸಾರ್, ನೀವು ಹೀಗೆ ಜೋರಾಗಿ ಹೇಳ್ತೀರಲ್ಲ, ನಾಚಿಕೆ ಆಗಲ್ವಾ?"

"ಆಗುತ್ತೆ. ಏನೀಗ?"

ನಂಬರ್ ತೆಗೆದುಕೊಂಡು ಹೋದ. ಥ್ಯಾಂಕ್ಸ್ ಹೇಳಲಿಲ್ಲ. ಅದನ್ನು ನಿರೀಕ್ಷಿಸಿಯೂ ಇರಲಿಲ್ಲ.

ಜುಲೈ ೬, ಭಾನುವಾರ

ನಿನ್ನೆ ಅವಳ ಊರಿಗೆ ಹೋಗಿದ್ದೆ. ಬಸ್ ಡ್ರೈವರ್ ದಿಬ್ಬವನ್ನು ತಪ್ಪು ಗೇರಿನಲ್ಲಿ ಹತ್ತಿಸಿದ, ಎಂಜಿನ್ ಗೋಳಾಡುತ್ತಿತ್ತು. ಇವನಿಗೆ ಲೈಸೆನ್ಸ್ ಕೊಟ್ಟವನನ್ನು ಹಿಡಿದು ಹೊಡೆಯಬೇಕು.

ಅಂಚೆ ಕಚೇರಿಯ ಹಿಂದೆಯೇ ಅವಳ ಕ್ವಾರ್ಟರ್ಸು. ಒಂದು ಕೋಣೆ, ಒಂದು ಅಡುಗೆಮನೆ. ದಿವಾನ ಇಲ್ಲ. ಮಂಚ ಒಂದೇ. ನಾನು ಅದನ್ನು ನೋಡಿದ್ದನ್ನು ಅವಳು ನೋಡಿದಳು.

ಡಾಕ್ಟರು ಬರೆದುಕೊಟ್ಟ ಮಾತ್ರೆ ಜೇಬಿನಲ್ಲಿತ್ತು. ಮಧ್ಯಾಹ್ನ ಹೊರಗೆ ಮಳೆ ಹಿಡಿದಿತ್ತು, ಕಿಟಕಿ ಮುಚ್ಚಿದೆವು. ತೆಗೆದುಕೊಂಡೆ. ಒಂದು ಗಂಟೆ ಕಾಯಬೇಕು ಎಂದಿದ್ದರು. ಆ ಒಂದು ಗಂಟೆ ಏನು ಮಾಡುವುದು? ಪರೀಕ್ಷೆ ಹಾಲಿನ ಹೊರಗೆ ಕೂತ ಹಾಗೆ ಮಂಚದ ಎರಡು ಕಡೆ ಕೂತಿದ್ದೆವು. ಅವಳು ಇದ್ದಕ್ಕಿದ್ದ ಹಾಗೆ ನಗಲು ಶುರು ಮಾಡಿದಳು. ಯಾಕೆ ಅಂದೆ. "ನೀವು ಗಡಿಯಾರ ನೋಡ್ತಾ ಇರೋದು ನೋಡಿ. ನಾನೇನು ಬಸ್ಸಾ?" ನನಗೂ ನಗು ಬಂತು. ಎಷ್ಟು ದಿನವಾಗಿತ್ತೋ, ಹೊಟ್ಟೆ ಹಿಡಿದುಕೊಂಡು ನಕ್ಕೆವು. ಗಡಿಯಾರವನ್ನು ಅವಳು ಗೋಡೆಯ ಕಡೆ ತಿರುಗಿಸಿಟ್ಟಳು.

ಪೂರ್ತಿ ಆಯಿತು ಎಂದು ಬರೆಯಲಾರೆ. ಅರ್ಧ ದಾರಿಯಲ್ಲಿ ನಿಂತಿತು. ಹಿಂದಿನ ನಾನಾಗಿದ್ದರೆ ಗೋಡೆಯ ಕಡೆ ತಿರುಗಿ ಬೆನ್ನುನೋವು ಅನ್ನುತ್ತಿದ್ದೆ. "ನಿಂತುಹೋಯ್ತು" ಅಂದೆ. "ಹೋಗಲಿ ಬಿಡಿ, ಎಲ್ಲಿಗೂ ಹೋಗೋ ಅರ್ಜೆಂಟಿಲ್ಲ" ಅಂದಳು. ಅವಳ ತಲೆ ನನ್ನ ತೋಳಿನ ಮೇಲಿತ್ತು. ಆ ಚಿಕ್ಕ ಕೂದಲು ಮೂಗಿಗೆ ತಾಗಿ ಸೀನು ಬಂತು. ಮಳೆ ನಿಲ್ಲುವವರೆಗೂ ಹಾಗೇ ಇದ್ದೆವು. ಮಗಳ ವಿಷಯ ಮಾತಾಡಿದೆವು, ಮೇಷ್ಟ್ರು ಲೈಸೆನ್ಸ್ ಸಿಕ್ಕಿ ಒಬ್ಬರೇ ಕಾರಿನಲ್ಲಿ ತಮ್ಮ ಹೆಂಡತಿ ಇಷ್ಟಪಡುತ್ತಿದ್ದ ಕೆರೆಗೆ ಹೋಗಿಬಂದ ವಿಷಯ ಮಾತಾಡಿದೆವು. ಅವಳ ಕಚೇರಿಯಲ್ಲಿ ಒಬ್ಬ ಗುಮಾಸ್ತ ಅವಳನ್ನು 'ಸರ್' ಅನ್ನುತ್ತಾನಂತೆ.

ತೋಳು ಜೋಮು ಹಿಡಿಯಿತು. ತೆಗೆಯಲಿಲ್ಲ.

ಊರು ಮಾತ್ರ ದರಿದ್ರ. ರಸ್ತೆ ತುಂಬ ಗುಂಡಿ, ಟೀ ಚೆನ್ನಾಗಿಲ್ಲ, ಫ್ಯಾನ್ ಕಿರುಚುತ್ತದೆ, ಮಂಚ ಚಿಕ್ಕದು, ಇಬ್ಬರಿಗೆ ಸಾಲದು. ಮುಂದಿನ ಶನಿವಾರಕ್ಕೆ ಟಿಕೆಟ್ ತೆಗೆದಿದ್ದೇನೆ.